ತೊಟ್ಟಿಲಿಗೆ ಬಂದ ಡಂಬೆಲ್

ಚಿನ್ಮಯಿ, ತೇಜಸ್, ಹೋದ ಭಾನುವಾರ ನಮ್ಮ ಮನೆಯ ತೊಟ್ಟಿಲಲ್ಲಿ ಮಗುವಿಗಿಂತ ಮೊದಲು ಮಲಗಿದ್ದು ಒಂದು ಡಂಬೆಲ್. ನೀವಿಬ್ಬರೂ ಅಲ್ಲೇ ಇದ್ದಿರಿ. ನಕ್ಕಿರಿ, ಫೋಟೋ ತೆಗೆದಿರಿ. ನಾನೂ ನಕ್ಕೆ. ಆದರೆ ಅವತ್ತು ನಡೆದದ್ದೇನು ಅಂತ ನನಗಿನ್ನೂ ಸರಿಯಾಗಿ ಅರ್ಥವಾಗಿಲ್ಲ. ಬರೆದರೆ ಆದೀತೇನೋ.

(ಪ್ರತಿ ವಾರ ಪತ್ರಿಕೆಯ ಈ ಅಂಕಣದಲ್ಲಿ ಬರೆಯುವುದು ನಿಮಗೆಂದೇ. ಬೇರೆಯವರೂ ಓದುತ್ತಾರೆ ಅಂತ ನೆನೆಸಿಕೊಂಡರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ.)

ಆ ಡಂಬೆಲ್ ತೇಜಸ್‌ನದು. ಎಷ್ಟೋ ದಿನದಿಂದ ಮಂಚದ ಕೆಳಗಿತ್ತು. ಕಸ ಗುಡಿಸುವಾಗ ಪೊರಕೆಗೆ ತಾಕುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ.

"ಇದನ್ನ ಎತ್ತಿ ಎಲ್ಲಿಗೆ ತಗೊಂಡು ಹೋಗ್ತೀಯೋ?"

"ಎಲ್ಲಿಗೂ ಇಲ್ಲ ಅಜ್ಜಿ. ಎತ್ತೋದು, ಇಳಿಸೋದು ಅಷ್ಟೇ."

"ಇಳಿಸೋದಾದ್ರೆ ಎತ್ತೋದ್ಯಾಕೆ?"

ಅವನು ತೋಳು ಮಡಚಿ ತೋರಿಸಿದ. ನೀನು, ಚಿನ್ಮಯಿ, ಪುಸ್ತಕದಿಂದ ತಲೆ ಎತ್ತದೆಯೇ ಹೇಳಿದೆ: "ಇಂಗ್ಲಿಷ್‌ನಲ್ಲಿ ಡಂಬೆಲ್ ಅಂದ್ರೆ ಪೆದ್ದ ಅಂತಾನೂ ಅರ್ಥ ಇದೆ ಅಜ್ಜಿ. ಅದಕ್ಕೇ ಇವನಿಗೆ ಅಷ್ಟು ಇಷ್ಟ." ದಿಂಬು ಹಾರಿತು. ನಾನು ಯೋಚನೆಗೆ ಬಿದ್ದೆ. ಭಾರ ಇದ್ದದ್ದಕ್ಕೆಲ್ಲ ಬುದ್ಧಿ ಕಡಿಮೆ ಅಂತ ಯಾರು ಹೇಳಿದರು? ಆದರೆ ಸುಮ್ಮನೆ ನಿಂತವಳನ್ನು ನಮ್ಮೂರಲ್ಲೂ "ಕಲ್ಲುಗುಂಡು ನಿಂತಂಗೆ ನಿಂತವ್ಳೆ" ಅಂತಲೇ ಬಯ್ಯುತ್ತಿದ್ದದ್ದು. ಆ ಮಾತು ನನಗೆ ಚೆನ್ನಾಗಿ ಗೊತ್ತು. ನನಗೇ ಬೀಳುತ್ತಿತ್ತು.

ಇರಲಿ. ಭಾನುವಾರಕ್ಕೆ ಬರುತ್ತೇನೆ.

ನನ್ನ ಮಗಳು, ನಿಮ್ಮ ಸೋದರತ್ತೆ ಸುಧಾಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಬಾಣಂತನ ನಮ್ಮ ವರ್ತೂರಿನ ಮನೆಯಲ್ಲೇ. ದಿನವೂ ಆ ಕೂಸಿಗೆ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ದವಳು ನಾನು. ತೊಟ್ಟಿಲಿಗೂ ಒಂದು ಸಲ ನನ್ನ ಕೈಯಿಂದಲೇ ಹಾಕಬೇಕು ಅಂತ ಆಸೆ ಇತ್ತೇ? ಇತ್ತು. ಯಾರಿಗೂ ಹೇಳಲಿಲ್ಲ. ನಿಮ್ಮ ತಾತ ಹೋದ ಮೇಲೆ ಇಂಥ ಶುಭಕಾರ್ಯಗಳಲ್ಲಿ ನನ್ನ ಜಾಗ ಅಡುಗೆಮನೆಯ ಬಾಗಿಲು. ಅಲ್ಲಿ ನಿಲ್ಲು ಅಂತ ಯಾರೂ ಅಂದಿಲ್ಲ. ಕಾಲು ತಾನಾಗಿ ಹೋಗಿ ಅಲ್ಲಿ ನಿಲ್ಲುತ್ತದೆ.

ಸುಧಾಳ ಅತ್ತೆ ಜಯಮ್ಮನವರು ಸರ್ಜಾಪುರದಿಂದ ಬಂದಿದ್ದರು. ತೊಟ್ಟಿಲಿಗೆ ಹೂವು ಕಟ್ಟಿ ಆಗಿತ್ತು. ಅವರು ಸೆರಗು ಸಿಕ್ಕಿಸಿಕೊಂಡು ಕೇಳಿದರು: "ಗುಂಡಪ್ಪ ಎಲ್ಲವ್ನೆ?"

"ಯಾರು ಗುಂಡಪ್ಪ? ಫೋನ್ ಮಾಡ್ಲಾ?" ಅಂದ ತೇಜಸ್.

ಹೆಂಗಸರೆಲ್ಲ ನಕ್ಕರು. ಗುಂಡಪ್ಪ ಅಂದರೆ ಒರಳಿನ ಗುಂಡುಕಲ್ಲು ಕಣೋ. ಕೂಸಿಗಿಂತ ಮೊದಲು ಅದಕ್ಕೆ ಸ್ನಾನ ಮಾಡಿಸಿ, ಕುಲಾವಿ ಹಾಕಿ, ತೊಟ್ಟಿಲ ಕೆಳಗಿಂದ ಒಬ್ಬರು ಕೊಟ್ಟು, ಮೇಲಿಂದ ಇನ್ನೊಬ್ಬರು ತೆಗೆದುಕೊಂಡು ಮಲಗಿಸುತ್ತಾರೆ. ಕಣ್ಣು ಬೀಳುವುದಾದರೆ ಕಲ್ಲಿನ ಮೇಲೆ ಬೀಳಲಿ, ಮಗು ಕಲ್ಲಿನ ಹಾಗೆ ಗಟ್ಟಿಯಾಗಲಿ ಅಂತ.

ಆದರೆ ಕಲ್ಲೆಲ್ಲಿದೆ? ಹಿತ್ತಿಲಲ್ಲಿ ಬಾಡಿಗೆ ರೂಮು ಕಟ್ಟಿಸುವಾಗ ಒರಳು, ಗುಂಡು ಎರಡೂ ಮಣ್ಣಿನ ಜೊತೆ ಲಾರಿ ಹತ್ತಿದ್ದವು. ಗ್ರೈಂಡರ್ ಬಂದಿತ್ತಲ್ಲ, ಯಾರೂ ಕೇಳಿರಲಿಲ್ಲ. ಅಕ್ಕಪಕ್ಕ ವಿಚಾರಿಸಿದರೆ ಅವರಲ್ಲೂ ಇಲ್ಲ. ಎದುರಿನ ಅಪಾರ್ಟ್‌ಮೆಂಟಿನಲ್ಲಿ ಕೇಳೋಣ ಅಂದರೆ ಸೆಕ್ಯುರಿಟಿಗೆ ಏನಂತ ಹೇಳುವುದು?

ಆಗ ತೇಜಸ್ ಒಳಗೆ ಹೋಗಿ ಡಂಬೆಲ್ ತಂದ. "ಇದೂ ಗಟ್ಟಿನೇ. ಐದು ಕೆ.ಜಿ."

"ಕಬ್ಬಿಣ ಆಯ್ತದಾ?" ಜಯಮ್ಮನವರಿಗೆ ಅನುಮಾನ.

"ಗಟ್ಟಿ ಇದ್ರೆ ಸಾಕು ಬಿಡಿ ಅತ್ತೆ," ಅಂದಳು ಸುಧಾ.

"ಆಯ್ತು, ತೊಳ್ಕೊಂಡು ಬಾ. ಬೆವ್ರು ಗಿವ್ರು ಇದ್ದಾತು. ಅಲ್ಲಾ, ಇದಕ್ಕೆ ಎಲ್ಡು ತಲೆ ಅವೆ. ಕುಲಾವಿ ಯಾವ ಕಡೀಕೆ ಹಾಕದು?"

"ಎರಡೂ ಕಡೆ ಹಾಕಿ ಅಜ್ಜಿ, ಟ್ವಿನ್ಸ್!" ಅಂದೆ ನೀನು, ಚಿನ್ಮಯಿ.

ನೋಡಿ, ಒಂದು ಚಣದಲ್ಲಿ ತೀರ್ಮಾನವಾಯಿತು. ನಮ್ಮಜ್ಜಿಯ ಅಜ್ಜಿ ಕಾಲದಿಂದ ಬಂದ ಕಲ್ಲಿನ ಜಾಗಕ್ಕೆ ಜಿಮ್ಮಿನ ಕಬ್ಬಿಣ ಬಂತು. ಇಷ್ಟು ಸುಲಭವೇ? ನಾನು ಬಾಗಿಲಲ್ಲಿ ನಿಂತು ಬೆರಗಾಗಿ ನೋಡಿದೆ.

ಡಂಬೆಲ್ಲಿಗೆ ರೇಷ್ಮೆಯ ರವಿಕೆ ಕಣ ಸುತ್ತಿದರು. ಜಯಮ್ಮನವರು ಕೆಳಗಿಂದ ಕೊಟ್ಟರು. ಪಕ್ಕದ ಮನೆಯ ಹುಡುಗಿ ಮೇಲಿಂದ ಕೈಯೊಡ್ಡಿದಳು. ರೇಷ್ಮೆ ಜಾರಿತು. ಧಡ್ ಅಂತ ಬಿತ್ತು ನೋಡಿ! ನೆಲದ ಟೈಲ್ಸ್ ಬಿರುಕುಬಿಟ್ಟಿತು. ಅವಳ ಕಾಲು ಕೂದಲೆಳೆಯಲ್ಲಿ ಉಳಿಯಿತು. ಸುಧಾಳ ಮಡಿಲಲ್ಲಿದ್ದ ಕೂಸು ಕಿಟಾರನೆ ಕಿರುಚಿಕೊಂಡಿತು. ಮತ್ತೆ ಅದನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ.

ನಮ್ಮ ಹಿತ್ತಿಲ ರೂಮಿನಲ್ಲಿ ಬಾಡಿಗೆಗಿರುವ ಶಾಂತವ್ವ ಕೊಪ್ಪಳದ ಕಡೆಯವಳು, ಗಾರೆ ಕೆಲಸದವಳು. ಅವಳು ಹಿಂದಿನಿಂದ ಕೂಗಿದಳು: "ನಮ್ಮ ಅಮ್ಮಾರನ್ನ ಕರೀರಿ! ದಿನಾ ಕೂಸಿಗೆ ಎರಿಯೋ ಕೈ ಅದು, ಜಾರಂಗಿಲ್ಲ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ನಾನು ಕಲ್ಲುಗುಂಡು ನಿಂತಂಗೆ ನಿಂತಿದ್ದೆ.

"ಬನ್ನಿ ಬೀಗ್ರೇ, ಇಡ್ಕಳಿ. ನನ್ ಕೈಲಾಗಕ್ಕಿಲ್ಲ," ಅಂದರು ಜಯಮ್ಮನವರು.

ಹೋದೆ. ರೇಷ್ಮೆ ಬಿಚ್ಚಿ ನನ್ನ ಹಳೆಯ ಹತ್ತಿ ಸೀರೆಯ ತುಂಡು ಸುತ್ತಿದೆ. ಶಾಂತವ್ವ ಕೆಳಗಿಂದ ಕೊಟ್ಟಳು, ನಾನು ಮೇಲಿಂದ ತೆಗೆದುಕೊಂಡೆ. ತಣ್ಣಗಿತ್ತು. ಕುತ್ತಿಗೆಗೆ ಅಂತ ಕೈ ಕೊಟ್ಟೆ, ಅಭ್ಯಾಸಬಲ. (ಅದಕ್ಕೆಲ್ಲಿಯ ಕುತ್ತಿಗೆ?) ತೊಟ್ಟಿಲಲ್ಲಿ ಮಲಗಿಸಿ, ತೂಗಿ, ಎತ್ತಿ ಕೆಳಗಿಟ್ಟೆ. ಇನ್ನೇನು ಬಾಗಿಲಿಗೆ ಹಿಂತಿರುಗಬೇಕು, ಸುಧಾ ಅಳುತ್ತಿದ್ದ ಕೂಸನ್ನು ನನ್ನ ಕೈಗೆ ಹಾಕಿದಳು.

"ಇವಳನ್ನೂ ನೀನೇ ಮಲಗಿಸಮ್ಮ."

ನಾನು ಜಯಮ್ಮನವರ ಮುಖ ನೋಡಿದೆ. ಅವರು ಬಿರುಕುಬಿಟ್ಟ ಟೈಲ್ಸ್ ನೋಡುತ್ತಿದ್ದರು. ಬೇಡ ಅನ್ನುತ್ತಾರೇನೋ ಅಂತ ಕಾದೆ. ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಕೂಸನ್ನು ಮಲಗಿಸಿದೆ. ಅದು ಆಮೇಲೂ ಅಳುತ್ತಲೇ ಇತ್ತು. ಆದರೆ ನನ್ನ ಬೆರಳು ಬಿಡಲಿಲ್ಲ.

ಊಟವಾಯಿತು. ಜಯಮ್ಮನವರು ಹೊರಟಾಗ ಗೇಟಿನ ಹತ್ತಿರ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದರು. ಈಗ ಹೇಳುತ್ತಾರೆ ಅಂದುಕೊಂಡೆ.

"ಬೀಗ್ರೇ, ಬೇಜಾರು ಮಾಡ್ಕಬೇಡಿ. ಮುಂದಿನ ಕೂಸಿಗಾದ್ರೂ ಕಲ್ಲೇ ಇರ್ಲಿ. ಕಬ್ಬಿಣ ಯಾಕೋ ನನ್ ಮನಸಿಗೆ ಬರಲಿಲ್ಲ."

ಅಷ್ಟೇ. ಒಬ್ಬಟ್ಟಿನ ಸಾರು ಚೆನ್ನಾಗಿತ್ತು ಅಂದು ಆಟೋ ಹತ್ತಿದರು.

ಅವರಿಗೆ ಸರಿಬಾರದ್ದು ಕಬ್ಬಿಣ ಮಾತ್ರವೇ? ನನ್ನ ವಿಷಯ ಅವರ ಮನಸ್ಸಿಗೇ ಬಂದಿರಲಿಲ್ಲವೇ? ಅಥವಾ ಬಂದೂ ನುಂಗಿಕೊಂಡರೇ? ಹಾಗಾದರೆ ಇಷ್ಟು ವರ್ಷ ನನ್ನನ್ನು ಆ ಬಾಗಿಲಲ್ಲಿ ನಿಲ್ಲಿಸಿದವರು ಯಾರು? ಸುಧಾಳನ್ನು ಕೇಳೋಣ ಅಂದರೆ ನಾಚಿಕೆ. ಡಂಬೆಲ್ ಮತ್ತೆ ಮಂಚದ ಕೆಳಗಿದೆ. ಗುಡಿಸುವಾಗ ಈಗಲೂ ತಾಕುತ್ತದೆ. ಬಗ್ಗಿ ಪಕ್ಕಕ್ಕೆ ಎತ್ತಿಡುತ್ತೇನೆ. ಸುಮ್ಮನೆ ಎತ್ತಿ ಇಳಿಸುವುದರಲ್ಲೂ ಏನೋ ಇದೆ ಕಣೋ.

ಮಕ್ಕಳೇ, ಈ ಹಾಳೆ ಕತ್ತರಿಸಿ ಜೋಪಾನವಾಗಿ ಇಟ್ಟುಕೊಳ್ಳಿ. ನಾಳೆ ನಿಮ್ಮ ಮನೆಯಲ್ಲೂ ತೊಟ್ಟಿಲು ಕಟ್ಟುತ್ತೀರಿ. ಗುಂಡಪ್ಪ ಎಲ್ಲಿ ಅಂತ ಹತ್ತು ಜನ ಕೇಳುತ್ತಾರೆ. ಅಜ್ಜಿ ಎಲ್ಲಿ ಅಂತ ಕೇಳುವವರು ನಿಮ್ಮಿಬ್ಬರಲ್ಲಿ ಯಾರು?