ಗುರುವಂದನೆಗೆ ಪಂಚೆಯೋ ಸೀರೆಯೋ?

ಪಂಚೆಗೆ ನಾಲ್ಕು ಓಟು, ಸೀರೆಗೆ ಒಂದು. ಹಿಂದಿನ ಭಾನುವಾರದ ನನ್ನ ಡೈರಿಯಲ್ಲಿರುವುದು ಇಷ್ಟೇ.

ಚುನಾವಣೆ ನಡೆದದ್ದು ಕಡಬದಲ್ಲಿ, ಅಕ್ಕನ ಮನೆಯಲ್ಲಿ. ಅವಳ ಮಗಳು ಶ್ರಾವ್ಯಳ ಭರತನಾಟ್ಯ ರಂಗಪ್ರವೇಶ ಶನಿವಾರ ಪುತ್ತೂರಿನಲ್ಲಿತ್ತು. ವೇದಿಕೆಯಲ್ಲಿ ಗುರುವಂದನೆ ಆಗಬೇಕು. ಗುರು ಮೇಡಂ ಆದರೆ ಹರಿವಾಣದಲ್ಲಿ ಸೀರೆ, ಸರ್ ಆದರೆ ಪಂಚೆ-ಶಾಲು. ಎಲ್ಲ ಕಡೆ ಹಾಗೆಯೇ. ಇದಕ್ಕೆಲ್ಲ ಓಟು ಯಾಕೆ?

ಯಾಕೆಂದರೆ ಶ್ರಾವ್ಯಳ ಗುರು ಮೋಹನ್ ಸರ್ ಕ್ಲಾಸಿನಲ್ಲಿ ಉಡುವುದೇ ಸೀರೆ. ಕೈಮಗ್ಗದ ಹತ್ತಿ ಸೀರೆ, ಕಚ್ಚೆ ಹಾಕಿ. ಕಣ್ಣಿಗೆ ಕಾಡಿಗೆ. ಕ್ಲಾಸ್ ಮುಗಿದ ಮೇಲೆ ಪ್ಯಾಂಟ್ ಹಾಕಿ ಬೈಕ್ ಹತ್ತುತ್ತಾರೆ. (ಕಾಡಿಗೆ ಒರೆಸುವುದಿಲ್ಲ.) ಇದೇ ಕಾರಣಕ್ಕೆ ಇಬ್ಬರು ಅಮ್ಮಂದಿರು ಮಕ್ಕಳನ್ನು ಬಿಡಿಸಿಯೂ ಆಗಿದೆ.

“ಸೀರೆಯೇ ಕೊಡುವ ಅಮ್ಮ, ಸರ್‌ಗೆ ಅದೇ ಇಷ್ಟ,” ಎಂದಳು ಶ್ರಾವ್ಯ.

“ನಿನಗೆ ಮಂಡೆ ಸಮ ಉಂಟಾ? ಅಷ್ಟು ಜನರ ಎದುರು ಗಂಡಸಿಗೆ ಸೀರೆ ಕೊಡುದಾ? ಜನ ನಗಾಡಿದರೆ ಅವಮಾನ ಅವರಿಗೆ. ಇನ್ನು ನಾಲ್ಕು ಮಕ್ಕಳು ಬಿಟ್ಟರೆ ಅವರ ಕ್ಲಾಸಿನ ಗತಿ ಎಂತ?”

ಅಕ್ಕ ಹೇಳಿದ್ದರಲ್ಲಿ ಕೆಟ್ಟದ್ದೇನಿತ್ತು? ಭಾವ, ಅವರಮ್ಮ, ನಾನು ಮೂವರೂ ಪಂಚೆಗೇ ಕೈ ಎತ್ತಿದೆವು. ಶ್ರಾವ್ಯ ಕೋಣೆಯ ಬಾಗಿಲು ಹಾಕಿಕೊಂಡಳು.

ಸೋಮವಾರ ಅಂಗಡಿಯಲ್ಲಿ ಪಂಚೆ ಪ್ಯಾಕ್ ಆಗುತ್ತಿರುವಾಗ ಹೊಳೆಯಿತು. ಐದು ಓಟಿನಲ್ಲಿ ಸರ್‌ದು ಒಂದೂ ಇಲ್ಲವಲ್ಲ? ಅಲ್ಲಿಂದಲೇ ಫೋನ್ ಮಾಡಿದೆ.

“ಸರ್, ಸೀದಾ ಕೇಳ್ತೇನೆ. ಗುರುವಂದನೆಗೆ ಪಂಚೆಯಾ, ಸೀರೆಯಾ?”

ಆ ಕಡೆಯಿಂದ ದೊಡ್ಡ ನಗು. “ಪಂಚೆ ಒಂದು ಕಪಾಟು ಉಂಟು ಮಾರಾಯ್ರೆ. ನೆಂಟರಿಗೆ ಹಂಚಿಯೂ ಮುಗಿಯಲಿಲ್ಲ. ಸೀರೆಯೆಲ್ಲ ನಾನೇ ತೆಗೆದುಕೊಂಡದ್ದು.”

“ಜನ ನಗಾಡಿದರೆ?”

“ನಗಾಡುವವರು ಕ್ಲಾಸಿನ ಕಿಟಕಿಯಲ್ಲೇ ನಗಾಡಿ ಆಗಿದೆ. ಉಡುಪಿ ಸೀರೆ ಸಿಕ್ಕಿದರೆ ನೋಡಿ. ಅಂಚು ಅಗಲ ಇರಲಿ.”

“ಅವರೇ ಹೇಳಿದ ಮೇಲೆ ನಂದೆಂತ?” ಎಂದಳು ಅಕ್ಕ. ಆದರೆ ಶನಿವಾರದವರೆಗೆ ಅವಳಿಗೆ ಸರಿಯಾಗಿ ಊಟ ಸೇರಲಿಲ್ಲ.

ವೇದಿಕೆಯಲ್ಲಿ ಶ್ರಾವ್ಯ ಹರಿವಾಣ ನೀಡಿದಳು. ಸರ್ ಸೀರೆ ಬಿಡಿಸಿ ಹೆಗಲಿಗೆ ಹಾಕಿಕೊಂಡರು, ತಾಳ ಹಿಡಿದು ಕೂತರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಿಲ್ಲಾನ ಶುರುವಾಯಿತು. ಆಮೇಲೆ ಕೇಳಿಸಿದ್ದು ಗೆಜ್ಜೆ ಮಾತ್ರ.

ಊಟದ ಹೊತ್ತಿಗೆ ಸುಳ್ಯದ ಒಬ್ಬರು ನೇರ ಅಕ್ಕನ ಕಡೆಗೇ ಬಂದರು. ಅವರ ಮಗಳೂ ಸರ್ ಹತ್ತಿರ ಕಲಿಯುವವಳು. ಬಂತಲ್ಲ ಗ್ರಹಚಾರ ಎಂದು ಅಕ್ಕ ನನ್ನ ಕೈ ಹಿಡಿದಳು.

“ಆ ಸೀರೆ ಯಾವ ಅಂಗಡಿಯದ್ದು? ಮುಂದಿನ ವರ್ಷ ನಮ್ಮ ಮಗಳದ್ದುಂಟು. ಸರ್‌ಗೆ ಎಂತ ಕೊಡುದು ಅಂತ ನಮಗೂ ತಲೆಬಿಸಿ.”

“ಅದಕ್ಕೆಂತ ತಲೆಬಿಸಿ? ಅವರನ್ನೇ ಕೇಳಿ,” ಎಂದಳು ಅಕ್ಕ, ತಾನೇ ಕಂಡುಹಿಡಿದವಳ ಹಾಗೆ.

ಉಡುವವರನ್ನು ಬಿಟ್ಟು ಊರನ್ನೆಲ್ಲ ಕೇಳಿ ಬಟ್ಟೆ ಆರಿಸಲು ನಮಗೆ ಕಲಿಸಿದ್ದಾದರೂ ಯಾರು?