ಗಿರಣಿಯವನ ಗಂಟಲು

ಹಿಟ್ಟಿನ ಗಿರಣಿಯವನಿಗೆ ಮೆಲ್ಲಗೆ ಮಾತಾಡಿ ಗೊತ್ತೇ ಇರಲಿಲ್ಲ. ಮೀಸೆ ಮೂಡುವ ಮೊದಲೇ ಯಂತ್ರದ ಪಕ್ಕ ನಿಂತವನು. ಕಿವಿ ಅರ್ಧ ಹೋಗಿತ್ತು, ಗಂಟಲು ಮಾತ್ರ ದೊಡ್ಡದಾಗುತ್ತಾ ಬಂದಿತ್ತು. ಚೆನ್ನಾಗಿದ್ದೀರಾ ಅಂತ ಪ್ರೀತಿಯಿಂದ ಕೇಳಿದರೂ ಜಗಳಕ್ಕೆ ನಿಂತ ಹಾಗಿರುತ್ತಿತ್ತು. "ಗುಟ್ಟಿದ್ರೆ ಇವನ ಹತ್ರ ಹೇಳಿ, ಬೀದಿಗೆಲ್ಲಾ ಪುಕ್ಕಟೆ ಹಂಚ್ತಾನೆ," ಅಂತ ಹಾಲಿನವನು ಛೇಡಿಸುತ್ತಿದ್ದ. ಅದೂ ಇವನಿಗೆ ಕೇಳಿಸುತ್ತಿರಲಿಲ್ಲ. ಎಲ್ಲರೂ ನಕ್ಕರಲ್ಲ ಅಂತ ತಾನೂ ನಗುತ್ತಿದ್ದ.

ಹೆಂಡತಿ ತೀರಿಕೊಂಡ ಮೇಲೆ ಗಿರಣಿಯ ಹಿಂದಿನ ಕೋಣೆಯಲ್ಲಿ ಅವನು, ಮಗಳು ಚಿಟ್ಟೆ, ಇಬ್ಬರೇ. ಯಂತ್ರ ಓಡುವಾಗ ಅಲ್ಲಿನ ತಟ್ಟೆ ಲೋಟ ಕೂಡ ನಡುಗುತ್ತಿದ್ದವು. ಬಾಯಿಮಾತು ಅಲ್ಲಿ ಯಾರಿಗೆ ಬೇಕು? ಅಪ್ಪ ಮಗಳದ್ದು ಕೈಸನ್ನೆಯ ಸಂಸಾರ. "ಗೊತ್ತು, ಸ್ವಲ್ಪ ತಡಿ" ಅನ್ನುವುದಕ್ಕೆ ಹಿಟ್ಟು ನುಣ್ಣಗಾಯಿತೇ ಅಂತ ನೋಡುವ ಹಾಗೆ ಎರಡು ಬೆರಳು ಉಜ್ಜಿದರೆ ಮುಗಿಯಿತು.

ಒಂದು ದಿನ ಶಾಲೆಯಿಂದ ಕರೆ ಬಂತು. ಟೀಚರು ಮೇಜಿನ ಮೇಲಿನ ಉತ್ತರ ಪತ್ರಿಕೆ ನೋಡುತ್ತಲೇ ಹೇಳಿದರು. "ನಿಮ್ಮ ಮಗಳು ಬಾಯೇ ಬಿಡಲ್ಲ. ಹೀಗಾದ್ರೆ ಮುಂದಿನ ವರ್ಷಾನೂ ಇದೇ ಕ್ಲಾಸಲ್ಲಿ ಕೂರಿಸಬೇಕಾಗುತ್ತೆ."

ತುಟಿ ಕಾಣದೆ ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಕಲಿತವರ ಎದುರು ಕೇಳಿಸಲಿಲ್ಲ ಅನ್ನುವುದಕ್ಕೆ ನಾಚಿಕೆ. "ಆಗ್ಲಿ ಮೇಡಂ! ಹಾಗೇ ಮಾಡಿ!" ಅಂತ ಗುಡುಗಿದ. ಟೀಚರು ಬೆಚ್ಚಿ ಕುರ್ಚಿ ಹಿಂದೆ ಸರಿಸಿದರು. ಕಿಟಕಿಯಲ್ಲಿ ಮಕ್ಕಳು ಕಿಸಕ್ಕನೆ ನಕ್ಕರು. ಪಕ್ಕದಲ್ಲೇ ನಿಂತಿದ್ದ ಚಿಟ್ಟೆ ತಲೆ ತಗ್ಗಿಸಿದಳು.

ದಾರಿಯಲ್ಲಿ ಚಿಟ್ಟೆ ಎದುರು ಬಂದು ನಿಂತಳು. ಕೈ ಆಡಿಸಲಿಲ್ಲ. ಬಾಯಿ ಬಿಟ್ಟೇ, ಬಿಡಿಸಿ ಬಿಡಿಸಿ ಹೇಳಿದಳು. "ಅದೇ ಕ್ಲಾಸಲ್ಲಿ ಕೂರ್ಸಿ ಅಂತ ನೀನೇ ಒಪ್ಕೊಂಡ್ಯಲ್ಲಪ್ಪಾ. ಇನ್ಮೇಲೆ ನೀನು ಶಾಲೆಗೆ ಬರಬೇಡ."

ಅದಷ್ಟೂ ಅವನಿಗೆ ತಿಳಿಯಿತು.

ಮರುದಿನ ಗಿರಣಿಗೆ ಗೋಧಿ ತಂದ ಪಕ್ಕದ ಮನೆಯ ದರ್ಜಿ ಅಕ್ಕನ ಹತ್ತಿರ ಹೇಳಿಕೊಂಡ. ಅವಳು ಯಂತ್ರ ನಿಲ್ಲಿಸಲು ಕೈಮಾಡಿ, ಅವನ ಮುಖದೆದುರು ಬಂದಳು. "ಮಗು ಓದು ದೊಡ್ಡದೋ, ನಿನ್ನ ಮರ್ಯಾದೆ ದೊಡ್ಡದೋ? ಕಿವಿ ಕೇಳಿಸಲ್ಲ ಅಂತ ಹೇಳೋಕೆ ಏನು ಧಾಡಿ ನಿಂಗೆ?"

ಅವನು ಮೈಮೇಲಿನ ಹಿಟ್ಟು ಕೊಡವಿಕೊಂಡು ಶಾಲೆಗೆ ಹೋದ. ಅವನನ್ನು ಬಾಗಿಲಲ್ಲಿ ಕಂಡದ್ದೇ ಟೀಚರ ಮುಖ ಬಿಗಿಯಾಯಿತು.

"ಮೇಡಂ, ನಾನು ಬೈತಿಲ್ಲ. ನನ್ನ ಗಂಟಲೇ ಹೀಗೆ. ಕಿವಿ ಮಂದ. ನಿನ್ನೆ ನೀವು ಹೇಳಿದ್ದು ಒಂದೂ ತಿಳೀಲಿಲ್ಲ, ಸುಮ್ನೆ ಹೂಂ ಅಂದೆ. ನನ್ನ ಕಡೆ ನೋಡ್ಕೊಂಡು ಹೇಳಿ, ತುಟಿ ಓದ್ಕೋತೀನಿ."

ಟೀಚರು ಕುರ್ಚಿ ಹತ್ತಿರ ಎಳೆದುಕೊಂಡು ಮೊದಲಿಂದ ಹೇಳಿದರು. ಮನೆಯಲ್ಲಿ ತಾವು ಮಾತಾಡುವುದು ಹೇಗೆ ಅಂತ ಅವನು ಬೆರಳು ಉಜ್ಜಿ ತೋರಿಸಿ, ಅದರ ಅರ್ಥ ಹೇಳಿದ.

"ಅಯ್ಯೋ, ಪ್ರಶ್ನೆ ಕೇಳಿದಾಗೆಲ್ಲ ಹೀಗೇ ಮಾಡ್ತಾಳೆ! ಚೇಷ್ಟೆ ಅಂತ ಗದರಿಸಿಬಿಟ್ಟೆನಲ್ಲ," ಅಂದರು ಟೀಚರು. "ಇನ್ಮೇಲೆ ಅವಳು ಉತ್ತರ ಹೇಳೋವರೆಗೂ ನಾನು ಕಾಯ್ತೀನಿ. ನೀವು ಸಂಜೆ ಯಂತ್ರ ನಿಲ್ಲಿಸಿ, ಅವಳು ಬಾಯಿಬಿಟ್ಟು ಮಾತಾಡೋ ಹಾಗೆ ಮಾಡಿ. ಆಗಾಗ ಬಂದು ಹೋಗ್ತಿರಿ."

ಗಿರಾಕಿ ಗೊಣಗಿದರೂ ಅವನು ಸಂಜೆ ಯಂತ್ರ ನಿಲ್ಲಿಸಿದ. ಬರಬೇಡ ಅಂದ ಮಗಳಿಗೆ ಮುಜುಗರವಾಗದಿರಲಿ ಅಂತ ಮಕ್ಕಳೆಲ್ಲ ಹೋದ ಮೇಲೆಯೇ ಟೀಚರನ್ನು ಕಂಡು ಬರುತ್ತಿದ್ದ. ಚಿಟ್ಟೆಯ ನಾಲಿಗೆ ಮೆಲ್ಲಗೆ ಸಡಿಲವಾಯಿತು. ವರ್ಷದ ಕೊನೆಗೆ ಮುಂದಿನ ಕ್ಲಾಸಿಗೂ ಹೋದಳು.

ಈಗ ಅವಳಿಗೆ ಗೆಳತಿಯರಿದ್ದಾರೆ, ಹೇಳಲು ಮುಗಿಯದಷ್ಟು ಮಾತಿದೆ. ಕೈ ಆಡಿಸುವುದು ಎಂದೋ ಬಿಟ್ಟಳು. ಸಂಜೆ ತಟ್ಟೆ ತೊಳೆಯುತ್ತಾ ಗೋಡೆಯ ಕಡೆ ಮುಖ ಮಾಡಿಕೊಂಡು ಅಂದಿನದನ್ನೆಲ್ಲ ಹೇಳುತ್ತಾಳೆ. ಅವನು ಹೊಸ್ತಿಲಲ್ಲಿ ಕೂತು ಅವಳ ಬೆನ್ನು ನೋಡುತ್ತಾನೆ. ಜಡೆ ಅಲ್ಲಾಡಿದರೆ ನಗುತ್ತಿದ್ದಾಳೆ ಅಂತ ಲೆಕ್ಕ. ಈ ಕಡೆ ತಿರುಗಮ್ಮಾ ಅನ್ನೋಣ ಅನಿಸುತ್ತದೆ. ತನ್ನ ದನಿಗೆ ಬೆಚ್ಚಿ ಅವಳ ಮಾತು ಎಲ್ಲಿ ನಿಂತುಬಿಡುತ್ತದೋ ಅಂತ ಸುಮ್ಮನೆ ಕೂರುತ್ತಾನೆ.