ನೋಡಿದವರೇ ಬರೆಯಬೇಕು

ಹೋದ ವಾರ ಸಯ್ಯಾಜಿರಾವ್ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಒಂದು ಸಣ್ಣ ಚರ್ಮದ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. ಮುಚ್ಚಳ ತೆಗೆದೊಡನೆ ಹದ ಮಾಡಿದ ಹೊಸ ಚರ್ಮದ ವಾಸನೆ ಬಂತು. ಓದುವಾಗ ಮಾತ್ರ ಹಾಕಿಕೊಳ್ಳಿ, ನಡೆಯುವಾಗ ತೆಗೆದುಬಿಡಿ, ಇಲ್ಲದಿದ್ದರೆ ಮೆಟ್ಟಿಲಲ್ಲಿ ಎಡವುತ್ತೀರಿ ಎಂದು ಅಂಗಡಿಯವರು ಹೇಳುತ್ತಿದ್ದರು. ನನಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಗೋಕುಲಂ ಆಚೆಯ ಬಯಲು, ಲೆವಲ್ ಯಂತ್ರದ ತೇಗದ ಪೆಟ್ಟಿಗೆ, ಅದಕ್ಕೆ ಬಿಗಿದ ಚರ್ಮದ ಪಟ್ಟಿ, ದಿನಾ ಬೆಳಿಗ್ಗೆ ಆ ಪಟ್ಟಿಗೆ ಒಂದಿಷ್ಟು ಎಣ್ಣೆ ಸವರುತ್ತಿದ್ದ ಎರಡು ಕೈಗಳು, ಇವೆಲ್ಲ ಕಣ್ಣ ಮುಂದೆ ಬಂದಿದ್ದವು.

ಆ ಕೈಗಳು ನಮ್ಮ ಸೆಕ್ಷನ್ನಿನ ಇಂಜಿನಿಯರರವು. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ಕಾಲೇಜು ಮುಗಿಸಿ ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ನನ್ನನ್ನು ಅವರ ಕೈಕೆಳಗೆ ಹಾಕಿದರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಗ ಅವರಿಗೆ ನಲವತ್ತೆರಡೋ ನಲವತ್ತಮೂರೋ. ನನ್ನ ಕಣ್ಣಿಗೆ ಅದು ಮುದಿತನವೇ ಆಗಿತ್ತು. ಈಗ ನಾನು ಅದೇ ಹೊಸ್ತಿಲಲ್ಲಿ ನಿಂತಿದ್ದೇನೆ. ಆದ್ದರಿಂದ ಈ ಮಾತನ್ನು ಸ್ವಲ್ಪ ಅಂಜುತ್ತಲೇ ಬರೆಯುತ್ತಿದ್ದೇನೆ, ನನಗೆ ಖಚಿತವಾಗಿ ನೆನಪಿರುವಷ್ಟನ್ನು ಮಾತ್ರ.

ನಮ್ಮದು ಒಳಚರಂಡಿಯ ಕೆಲಸ. ಗೋಕುಲಂನಿಂದ ಹೂಟಗಳ್ಳಿಯ ಕಡೆಗೆ ಆಗ ಬರೀ ರಾಗಿ ಹೊಲ, ಕಳ್ಳಿ ಬೇಲಿ. ಮುಂದೆ ಬರಲಿದ್ದ ಮನೆಗಳಿಗಾಗಿ ಆ ಬಯಲಿನಲ್ಲಿ ಕೊಳವೆ ಹೂಳಬೇಕಿತ್ತು. ಕೊಳಚೆ ನೀರನ್ನು ಯಾರೂ ತಳ್ಳುವುದಿಲ್ಲ, ಇಳಿಜಾರು ಇದ್ದರೆ ತಾನೇ ಹರಿಯುತ್ತದೆ, ಇಲ್ಲದಿದ್ದರೆ ನಿಂತು ನಾರುತ್ತದೆ. ಹಾಗಾಗಿ ನೆಲದ ಏರಿಳಿತ ಅಳೆಯುವುದೇ ಎಲ್ಲಕ್ಕೂ ಮೊದಲ ಕೆಲಸ. ಒಬ್ಬ ಆಳು ದೂರದಲ್ಲಿ ಅಳತೆಯ ಕೋಲು ಹಿಡಿದು ನಿಲ್ಲುತ್ತಾನೆ. ಇಂಜಿನಿಯರು ಮೂರು ಕಾಲಿನ ಮೇಲಿಟ್ಟ ಲೆವಲ್ ಯಂತ್ರದ ದುರ್ಬೀನಿನಲ್ಲಿ ಆ ಕೋಲಿನ ಅಂಕಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆಗಿನ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಆಕಾಶ ಕೆಳಗೆ, ಹೊಲ ಮೇಲೆ, ಕೋಲು ಹಿಡಿದವನು ಬಾವಲಿಯ ಹಾಗೆ ನೇತಾಡುತ್ತಿದ್ದ. ವರ್ಷಗಟ್ಟಲೆ ಅದರಲ್ಲಿ ಕಣ್ಣಿಟ್ಟವರಿಗೆ ಅದೇ ಸರಿ ಎನಿಸಿಬಿಡುತ್ತಿತ್ತು.

ಸಾಹೇಬರದು ಒಂದೇ ಕಟ್ಟುನಿಟ್ಟು. ನೋಡಿದವರೇ ಬರೆಯಬೇಕು. ಒಬ್ಬರು ನೋಡಿ ಕೂಗುವುದು, ಇನ್ನೊಬ್ಬರು ಕೇಳಿ ಬರೆಯುವುದು ಬೇರೆ ಸೆಕ್ಷನ್ನುಗಳಲ್ಲಿ ನಡೆಯುತ್ತಿತ್ತು. ಅವರು ಒಪ್ಪುತ್ತಿರಲಿಲ್ಲ. ಗಾಳಿ ಬೀಸಿದರೆ ಅಂಕಿ ಕೇಳಿಸುವುದಿಲ್ಲ, ತಪ್ಪಾದರೆ ಯಾರದೆಂದು ಹೇಳಲಾಗುವುದಿಲ್ಲ ಎನ್ನುತ್ತಿದ್ದರು. ಬೆಳಿಗ್ಗೆಯೆಲ್ಲ ಅವರು ನೋಡಿ ಅವರೇ ಬರೆದರೆ, ಮಧ್ಯಾಹ್ನ ನಾನು ನೋಡಿ ನಾನೇ ಬರೆಯುತ್ತಿದ್ದೆ.

ಆಫೀಸಿನಲ್ಲಿ ಇನ್ನೊಂದು ಪದ್ಧತಿಯಿತ್ತು, ಯಾರೂ ಬಾಯಿಬಿಟ್ಟು ಹೇಳದ್ದು. ಇಂಜಿನಿಯರಿಗೆ ಚಾಳೀಸು ಬಂತೆಂದರೆ, ಅಂದರೆ ನಲವತ್ತರ ಆಸುಪಾಸಿನಲ್ಲಿ ಬರುವ ಆ ಓದುವ ಕನ್ನಡಕ ಮೂಗಿಗೇರಿತೆಂದರೆ, ಬಯಲಿನ ಕೆಲಸ ಮುಗಿಯಿತೆಂದು ಲೆಕ್ಕ. ಮರ್ಯಾದೆಯಿಂದಲೇ ಕರೆದು ಮೇಜು ಕೊಡುತ್ತಿದ್ದರು, ಇಲ್ಲವೇ ಉಗ್ರಾಣದ ಉಸ್ತುವಾರಿ. ಉಗ್ರಾಣದಲ್ಲಿ ಅಂಥವರು ಇಬ್ಬರಿದ್ದರು. ಕೊಳವೆಗಳನ್ನು ಎಣಿಸುತ್ತ, ಟೀ ತರಿಸುತ್ತ, ತಮ್ಮ ಹಳೆಯ ಸೇತುವೆಗಳ ಕಥೆ ಹೇಳುತ್ತ ಕೂತಿರುತ್ತಿದ್ದರು. ಅವರ ಮುಂದೆ ಹಾದುಹೋಗುವಾಗ ಸಾಹೇಬರು ಬೇಗಬೇಗ ಹೆಜ್ಜೆ ಹಾಕುತ್ತಿದ್ದುದನ್ನು ನಾನು ಗಮನಿಸಿದ್ದೆ. ಯಾಕೆಂದು ಆಗ ತಿಳಿದಿರಲಿಲ್ಲ.

ತಿಳಿದದ್ದು ಒಂಟಿಕೊಪ್ಪಲಿನ ಅವರ ಮನೆಯಲ್ಲಿ. ಒಂದು ಭಾನುವಾರ ನಕ್ಷೆ ಕೊಡಲು ಹೋಗಿದ್ದೆ. ಅವರು ಜಗುಲಿಯಲ್ಲಿ ಕೂತು ಪತ್ರಿಕೆಯನ್ನು ಎರಡೂ ಕೈ ಚಾಚಿ ದೂರ ಹಿಡಿದು ಓದುತ್ತಿದ್ದರು. ಅವರ ಹೆಂಡತಿ ನನಗೆ ಕಾಫಿ ತಂದಿಟ್ಟು, ಅವರ ಕಡೆ ತಿರುಗಿ, "ಕೈ ಇನ್ನೂ ಒಂದು ಗೇಣು ಉದ್ದ ಬೆಳಸ್ಕೊಳ್ಳಿ. ಇಲ್ಲಾಂದ್ರೆ ಪೇಪರನ್ನ ಎದುರು ಮನೆ ಗೋಡೆಗೆ ಅಂಟಿಸಿಬಿಡ್ತೀನಿ, ಇಲ್ಲಿಂದಲೇ ಓದ್ಕೊಳ್ಳಿ" ಎಂದರು.

"ಬೆಳಕು ಸಾಲದು ಕಣೇ" ಎಂದರು ಸಾಹೇಬರು.

"ಹೌದ್ಹೌದು, ಸೂರ್ಯನಿಗೂ ವಯಸ್ಸಾಯ್ತು."

ನನಗೆ ನಗು ಬಂತು. ಅವರು ನಗಲಿಲ್ಲ. ಪತ್ರಿಕೆ ಮಡಿಸಿಟ್ಟು ನನ್ನನ್ನು ಒಂದು ಕ್ಷಣ ನೋಡಿದರು. ಅವರ ಜಾಗ ತೆರವಾದರೆ ಅದು ಬರುವುದು ನನಗೇ ಎಂದು ಇಬ್ಬರಿಗೂ ಗೊತ್ತಿತ್ತು.

ಅಂದಿನಿಂದ ನಾನು ಅವರನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ದುರ್ಬೀನಿನಲ್ಲಿ ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ದೂರದ ಕೋಲಿನ ಮೇಲೆ ಕೂತ ನೊಣವನ್ನೂ ಕಾಣಬಲ್ಲವರಾಗಿದ್ದರು. ಕಾಣದಿದ್ದದ್ದು ತಮ್ಮದೇ ಕೈಯ ಬರಹ. ಪೆನ್ಸಿಲು ಹಿಡಿದಾಗ ಅಂಕಿಗಳು ಅಭ್ಯಾಸಬಲದಿಂದ ಸರಿಯಾಗಿಯೇ ಮೂಡುತ್ತಿದ್ದವು. ಸಂಜೆ ಕೂಡಿ ಕಳೆಯಲು ಕೂತಾಗ ಅವರ ಹಣೆಯಲ್ಲಿ ಗೆರೆ ಬೀಳುತ್ತಿತ್ತು, ಪುಸ್ತಕ ನಿಧಾನವಾಗಿ ದೂರ ಹೋಗುತ್ತಿತ್ತು...

ಆ ವರ್ಷ ಮಳೆಗೆ ಮುಂಚೆ ಅಗೆತ ಮುಗಿಸಿ ಎಂದು ಮೇಲಿನಿಂದ ಒತ್ತಾಯ ಬಂತು. ಅಳತೆ ಮಾಡುತ್ತ ಹೋದವರು, ಹೊರಟ ಗುರುತಿನ ಕಲ್ಲಿಗೇ ಅಳೆಯುತ್ತ ವಾಪಸು ಬಂದು, ಎರಡು ಲೆಕ್ಕವೂ ಹೊಂದುತ್ತವೆಯೇ ಎಂದು ನೋಡಿದ ಮೇಲೆಯೇ ಅಗೆಯಲು ಬಿಡಬೇಕು. ಸಾಹೇಬರು ಮೊದಲ ಬಾರಿಗೆ, ವಾಪಸು ಬರುವ ಮುಂಚೆಯೇ ಅಗೆಯಲು ಬಿಟ್ಟರು. ಎರಡು ದಿನ ಕಳೆದು ಕಲ್ಲಿಗೆ ಮರಳಿ ಬಂದಾಗ ಲೆಕ್ಕದಲ್ಲಿ ಅರ್ಧ ಅಡಿ ವ್ಯತ್ಯಾಸ. ಅಷ್ಟು ಹೊತ್ತಿಗೆ ಆ ಕಲ್ಲಿನ ಪಕ್ಕದ ಹೊಂಗೆಮರದಿಂದ ಹಳ್ಳದವರೆಗೆ ಗುಂಡಿ ತೋಡಿ ಆಗಿತ್ತು.

ಹೊಂಗೆಮರದ ನೆರಳಿನಲ್ಲಿ ಅವರು ಪುಸ್ತಕವನ್ನು ನನ್ನ ಮುಂದೆ ಹಿಡಿದರು. ಒಂದು ಅಂಕಿಯ ಮೇಲೆ ಬೆರಳಿಟ್ಟು, "ಇದೇನು ಓದು" ಎಂದರು.

"ಮೂರು ಸರ್."

"ನಾನು ಎಂಟು ಅಂತ ಕೂಡಿದೀನಿ."

ಲೆಕ್ಕ ತಿದ್ದಿ ಗುಂಡಿಯನ್ನು ಸರಿಮಾಡಿದ್ದರೆ ಆಗುತ್ತಿತ್ತು, ಅಷ್ಟೇನೂ ದೊಡ್ಡ ತಪ್ಪಲ್ಲ. ಆದರೆ ಅವರಿಗೆ ಇಡೀ ಪುಸ್ತಕದ ಮೇಲೆಯೇ ನಂಬಿಕೆ ಹೋಗಿತ್ತು. ನಾನು ಮೆಲ್ಲಗೆ, "ಇನ್ನು ಮೇಲೆ ನೀವು ನೋಡಿ ಹೇಳಿ ಸರ್, ನಾನು ಬರ್ಕೋತೀನಿ. ಯಾರಿಗೂ ಗೊತ್ತಾಗಲ್ಲ" ಎಂದೆ.

ಅವರು ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು. "ನನಗೆ ಗೊತ್ತಿರುತ್ತಲ್ಲಪ್ಪ" ಎಂದರು.

ಗುಂಡಿಯ ಸುದ್ದಿ ಆಫೀಸಿಗೆ ಮುಟ್ಟಿತು. ಕೆಲವೇ ದಿನಗಳಲ್ಲಿ ಆಫೀಸಿನ ಮುಖ್ಯಸ್ಥರಾದ ದೊಡ್ಡ ಸಾಹೇಬರ ಜೀಪು ಬಯಲಿಗೇ ಬಂತು. ಅವರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಸಾಹೇಬರನ್ನು ಪಕ್ಕಕ್ಕೆ ಕರೆದರೂ ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ಮಾತೆಲ್ಲ ಕೇಳಿಸಿತು. "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಕಣ್ರೀ. ಇಷ್ಟು ವರ್ಷ ದುಡಿದಿದ್ದೀರಿ. ಈ ಹುಡುಗರು ಬಂದಿದ್ದಾರೆ, ಓಡಾಡಲಿ. ನೀವು ಉಗ್ರಾಣಕ್ಕೆ ಬಂದುಬಿಡಿ, ನೆರಳಲ್ಲಿ ಕೂತ್ಕೊಳ್ಳಿ. ಈ ವಯಸ್ಸಲ್ಲಿ ಬಿಸಿಲು ಯಾಕೆ?"

"ಬಿಸಿಲು ಇದುವರೆಗೂ ನನ್ನ ವಯಸ್ಸು ಕೇಳಿಲ್ಲ ಸರ್" ಎಂದರು ಸಾಹೇಬರು. "ಹೊಂಗೆಮರದಿಂದ ಹಳ್ಳಕ್ಕೆ ಹೋಗಿ ವಾಪಸ್ ಬರ್ತೀನಿ. ನೀವು ಇಲ್ಲೇ ಇದ್ದು ನೋಡಿ. ಕಲ್ಲಿಗೆ ಲೆಕ್ಕ ಸೇರದಿದ್ರೆ ನಾಳೆಯಿಂದಲೇ ಉಗ್ರಾಣ."

ಹಾಗೆಂದವರು ಕೋಟಿನ ಒಳಜೇಬಿಗೆ ಕೈಹಾಕಿ ಒಂದು ಚಾಳೀಸು ತೆಗೆದರು. ಹೊಸದಲ್ಲ. ಕಡ್ಡಿಗಳ ಬಣ್ಣ ಅಲ್ಲಲ್ಲಿ ಮಾಸಿತ್ತು. ಎಷ್ಟೋ ತಿಂಗಳಿಂದ ಆ ಜೇಬಿನಲ್ಲಿಯೇ ಇದ್ದಿರಬೇಕು. ದೊಡ್ಡ ಸಾಹೇಬರು, ನಾನು, ಗುಂಡಿ ತೋಡುವವರು, ಎಲ್ಲರೂ ನೋಡುತ್ತಿದ್ದಂತೆ ಅದನ್ನು ಮೂಗಿನ ತುದಿಗೆ ಏರಿಸಿಕೊಂಡರು. ಇನ್ನು ಬಯಲಿಗೆ ಬರುವ ಹಕ್ಕಿಲ್ಲ ಎಂದು ಹಣೆಯ ಮೇಲೆ ಬರೆದುಕೊಂಡಂತೆ ಅದು, ನಮ್ಮ ಆಫೀಸಿನ ಲೆಕ್ಕದಲ್ಲಿ.

ಕೆಲಸ ಶುರುವಾಯಿತು. ಕನ್ನಡಕದ ಮೇಲಿಂದ ದುರ್ಬೀನಿಗೆ ಕಣ್ಣಿಡಬೇಕು, ಕನ್ನಡಕದ ಒಳಗಿಂದ ಪುಸ್ತಕ ನೋಡಬೇಕು. ಒಂದೊಂದು ಅಂಕಿಗೂ ತಲೆ ಮೇಲೆ, ತಲೆ ಕೆಳಗೆ. ಕೋಲು ಹಿಡಿದಿದ್ದ ಹೂಟಗಳ್ಳಿಯ ಆಳು ತನ್ನ ಜೊತೆಯವನಿಗೆ ಹೇಳಿದ್ದು ಬಯಲೆಲ್ಲ ಕೇಳಿಸಿತು. "ನೋಡ್ಲಾ, ಸಾಮೇರು ಕೋಳಿ ನೀರ್ ಕುಡ್ದಂಗೆ ಮಾಡ್ತಾವ್ರೆ."

ಎಲ್ಲರೂ ನಕ್ಕರು. ದೊಡ್ಡ ಸಾಹೇಬರೂ ಮುಖ ತಿರುಗಿಸಿಕೊಂಡರು. ಸಾಹೇಬರು ತಲೆ ಎತ್ತದೆ, "ಕೋಳಿ ಆಮೇಲೆ ನೋಡ್ಕೊಳ್ಳೋಣ ಕಣೋ. ಕೋಲು ನೆಟ್ಟಗಿಡು, ಎಡಕ್ಕೆ ವಾಲ್ತಿದೆ" ಎಂದರು. ಕೋಲು ನೆಟ್ಟಗಾಯಿತು. ಆಮೇಲೆ ಯಾರೂ ನಗಲಿಲ್ಲ.

ಹಳ್ಳಕ್ಕೆ ಹೋಗಿ ಹೊಂಗೆಮರಕ್ಕೆ ಮರಳುವ ಹೊತ್ತಿಗೆ ಬಿಸಿಲು ನೆತ್ತಿ ದಾಟಿತ್ತು. ಅವರು ಒಮ್ಮೆಯೂ ನೆರಳಿಗೆ ಬರಲಿಲ್ಲ. ಯಂತ್ರವನ್ನು ನಾನು ಹೊರುತ್ತೇನೆಂದರೂ ಕೊಡಲಿಲ್ಲ. ಕಲ್ಲಿನ ಮೇಲೆ ಕೊನೆಯ ಅಂಕಿ ನೋಡಿ, ನಿಂತಲ್ಲೇ ಕೂಡಿ ಕಳೆದು, ಪುಸ್ತಕವನ್ನು ದೊಡ್ಡ ಸಾಹೇಬರಿಗೆ ಕೊಟ್ಟರು. ಅವರು ತಾವೇ ಇನ್ನೊಮ್ಮೆ ಕೂಡಿ ನೋಡಿದರು. ಅಡಿಯ ನೂರನೇ ಒಂದು ಪಾಲು ವ್ಯತ್ಯಾಸ, ಒಂದು ದಪ್ಪ ದಾರದಷ್ಟು.

"ಪರವಾಗಿಲ್ವೇ, ಹೆಚ್ಚುಕಮ್ಮಿ ಸೊನ್ನೆ" ಎಂದರು.

"ಪೂರ್ತಿ ಸೊನ್ನೆ ಬಂದಿದ್ರೆ ನನಗೇ ಅನುಮಾನ ಬರ್ತಿತ್ತು" ಎಂದರು ಸಾಹೇಬರು.

ಆ ಕೆಲಸ ಮುಗಿಯುವವರೆಗೂ ಅವರನ್ನು ಯಾರೂ ಕದಲಿಸಲಿಲ್ಲ. ಅಲ್ಲಿಗೇ ಗೆದ್ದರು ಎಂದು ಬರೆದು ನಿಲ್ಲಿಸಲು ಮನಸ್ಸಾಗುತ್ತದೆ. ಆದರೆ ನಡೆದದ್ದು ಹಾಗಲ್ಲ. ಮಳೆಗಾಲ ಕಳೆದ ಮೇಲೆ ಉಗ್ರಾಣದ ಆರ್ಡರು ಬಂದೇ ಬಂತು. ಅವರ ಸೆಕ್ಷನ್ನು ನನಗೆ. ಪದ್ಧತಿಗೆ ಲೆಕ್ಕ ಸೇರಿತೋ ಇಲ್ಲವೋ ಬೇಕಿರಲಿಲ್ಲ, ಕನ್ನಡಕ ಕಂಡಿತ್ತು, ಅಷ್ಟು ಸಾಕಿತ್ತು. ಅವರು ಉಗ್ರಾಣದ ಬಾಗಿಲು ತುಳಿಯಲಿಲ್ಲ. ಒಳನಾಡಿನ ಒಂದು ತಾಲ್ಲೂಕಿನಲ್ಲಿ ಕೆರೆ ಏರಿಗಳ ಕೆಲಸವಿತ್ತು, ಯಾರೂ ಹೋಗಲೊಪ್ಪದ ಜಾಗ. ಅದನ್ನು ತಾವೇ ಕೇಳಿ ಪಡೆದುಕೊಂಡರು.

ಅವರನ್ನು ಬೀಳ್ಕೊಡಲು ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆ. ಚಾಳೀಸು ಈಗ ಕರಿದಾರದಲ್ಲಿ ಕೊರಳಿಗೆ ನೇತುಬಿದ್ದಿತ್ತು, ಊರಿಗೆಲ್ಲ ಕಾಣುವ ಹಾಗೆ. ಅವರ ಹೆಂಡತಿ ಟ್ರಂಕಿನ ಮೇಲೆ ಕೂತು, "ಇವರಿಗೆ ನೆರಳು ಕಂಡರೆ ಆಗಲ್ಲ ಕಣಪ್ಪ. ಅಲ್ಲಿ ಮರ ಕೂಡ ಇಲ್ವಂತೆ, ಪರಮಾನಂದ" ಎಂದರು. ಸಾಹೇಬರು ಬೋಗಿಯ ಮೆಟ್ಟಿಲ ಮೇಲೆ ನಿಂತು ನನಗೊಂದು ಮಾತು ಹೇಳಿದರು. "ನಿನಗೂ ಬರುತ್ತೆ ಕಣೋ. ಬಂದಾಗ ಬಚ್ಚಿಡಬೇಡ. ನಾನು ಒಂದು ವರ್ಷ ಬಚ್ಚಿಟ್ಟೆ. ನಾನು ಮುದುಕ ಆಗಿದ್ದು ಆ ಒಂದೇ ವರ್ಷ."

ಆಮೇಲೆ ಅವರನ್ನು ನಾನು ನೋಡಲಿಲ್ಲ. ಒಂದೆರಡು ಸಲ ಹೋಗಿಬರಬೇಕೆಂದುಕೊಂಡೆ... ಕೆಲವು ವರ್ಷಗಳ ನಂತರ, ಕೆರೆ ಏರಿಯ ಬಳಿಯ ಕ್ಯಾಂಪಿನಲ್ಲೇ ಜ್ವರ ಬಂದು ಹೋಗಿಬಿಟ್ಟರೆಂದು ಆಫೀಸಿನಲ್ಲಿ ಯಾರೋ ಹೇಳಿದರು. ಐವತ್ತೂ ಆಗಿರಲಿಲ್ಲ. ಅವರ ಹೆಂಡತಿ ತಮ್ಮನ ಮನೆಗೆ ಹೋದರಂತೆ, ಯಾವ ಊರೆಂದು ಕೇಳಿದರೆ ಯಾರಿಗೂ ತಿಳಿಯದು.

ಈಗ ಅಡಿ ಹೋಗಿ ಮೀಟರು ಬಂದಿದೆ. ಹೊಸ ಹುಡುಗರು ಮೀಟರಿನಲ್ಲೇ ಯೋಚಿಸುತ್ತಾರೆ. ನಾನು ಮನಸ್ಸಿನಲ್ಲಿ ಅಡಿಗೆ ಬದಲಾಯಿಸಿಕೊಂಡು ಉತ್ತರ ಹೇಳುವಷ್ಟರಲ್ಲಿ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಿನ್ನೆ ಮೂಗಿನ ಮೇಲಿನ ಚಾಳೀಸು ಕಂಡು ಮೇಲಧಿಕಾರಿಗಳು ನನ್ನನ್ನೂ ಒಳಗೆ ಕರೆದು, ತುಂಬ ಮರ್ಯಾದೆಯಿಂದ, ಮೇಜಿನ ಕೆಲಸದ ಮಾತೆತ್ತಿದರು. ಬೇಡ ಎಂದೆ. ಕಾರಣ ಕೇಳಿದರು. ಬಯಲಿನ ಕೆಲಸ ನನಗಿನ್ನೂ ಬರುತ್ತದೆ, ಬರದ ದಿನ ನಾನೇ ಬಂದು ಹೇಳುತ್ತೇನೆ ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಆಫೀಸಿನಿಂದ ಹೊರಬಿದ್ದವನು ಮನೆಗೆ ಹೋಗಲಿಲ್ಲ. ಸೈಕಲ್ಲು ತಾನಾಗಿ ಒಂಟಿಕೊಪ್ಪಲಿನ ಕಡೆಗೆ ತಿರುಗಿತು. ಸಾಹೇಬರಿದ್ದ ಮನೆಗೆ ಹಸಿರು ಬಣ್ಣ ಹೊಡೆದಿದ್ದರು. ಜಗುಲಿಯಲ್ಲಿ ಹೆಂಗಸೊಬ್ಬರು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಯಾರು ಬೇಕಿತ್ತು ಎಂದು ಕೇಳಿದರು.

ಹಿಂದೆ ಇಲ್ಲಿ ಒಬ್ಬರು ಇಂಜಿನಿಯರಿದ್ದರು ಎಂದೆ.

"ನಮಗೆ ಗೊತ್ತಿಲ್ಲಪ್ಪ, ನಾವು ಈಚೆಗೆ ಬಂದವರು. ಅವರಿಗೇನಾದರೂ ಹೇಳಬೇಕಿತ್ತಾ?"

"ಹೌದಮ್ಮ, ಹೇಳಬೇಕಿತ್ತು" ಎಂದೆ.

ಅವರು ಇನ್ನೇನೋ ಕೇಳುವವರಿದ್ದರು. ನಾನು ಸೈಕಲ್ಲು ತಿರುಗಿಸಿಕೊಂಡೆ.